ಬರ ತಡೆಯುವ ಬೀಜ ಬೇಕಾ? ಮೊದಲು ನಿಮ್ಮ ಹೊಲದ ಬರ ಯಾವುದು ಅಂತ ನೋಡಿ

ಹೊರಗಿನ ಜೀನ್ ಸೇರಿಸಿದ ಕುಲಾಂತರಿ ಬೀಜ, ಗಿಡದ ಸ್ವಂತ ಜೀನನ್ನೇ ತಿದ್ದಿದ ಜೀನ್ ಎಡಿಟಿಂಗ್ ಬೀಜ, ವಿಶ್ವವಿದ್ಯಾಲಯದ ಹೊಸ ತಳಿ, ಅಪ್ಪನ ಕಾಲದಿಂದ ಬಂದ ತಳಿ. ಬರಕ್ಕೆ ಇವುಗಳಲ್ಲಿ ಯಾವುದು ಒಳ್ಳೇದು ಅಂತ ಕೇಳುವವರು ಈಗ ಜಾಸ್ತಿ. 2023ರ ಮುಂಗಾರು ಕೈಕೊಟ್ಟಾಗ ಕರ್ನಾಟಕದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಘೋಷಿಸಬೇಕಾಯಿತು. ಅದನ್ನು ಕಂಡ ಯಾರಿಗೇ ಆದರೂ ಬೀಜದಲ್ಲೇ ಏನಾದರೂ ದಾರಿ ಇದೆಯಾ ಅನ್ನಿಸುತ್ತದೆ. ಅನ್ನಿಸಬೇಕು ಕೂಡ. ಆದರೆ ಹುಡುಕಲು ಹೊರಟರೆ ಸಿಗುವುದು ಒಂದೋ ಕಂಪನಿಯ ಹೊಗಳಿಕೆ, ಇಲ್ಲಾ ಕುಲಾಂತರಿ ಅಂದ ಕೂಡಲೇ ವಿಷ ಅನ್ನುವ ಬರಹ. ಎರಡನ್ನೂ ಓದಿ ಬಿತ್ತನೆಯ ತೀರ್ಮಾನ ಮಾಡಲು ಆಗುವುದಿಲ್ಲ.

ನನ್ನ ಮಾತು ಮೊದಲೇ ಹೇಳಿಬಿಡುತ್ತೇನೆ. ಬೀಜ ಯಾವ ತಂತ್ರದಿಂದ ಬಂತು ಅನ್ನುವುದು ಎರಡನೇ ಪ್ರಶ್ನೆ. ನಿಮ್ಮ ಬೆಳೆಗೆ ನೀರು ಕೈಕೊಡುವುದು ಯಾವ ಹಂತದಲ್ಲಿ, ಆ ಹಂತದಲ್ಲಿ ಈ ತಳಿ ಏನು ಮಾಡುತ್ತದೆ, ಮಳೆ ಚೆನ್ನಾಗಿ ಬಂದ ವರ್ಷ ಇದರಿಂದ ಎಷ್ಟು ಇಳುವರಿ ಕಳೆದುಕೊಳ್ಳುತ್ತೀರಿ, ಇದು ಮೊದಲ ಪ್ರಶ್ನೆ. ಈ ಪ್ರಶ್ನೆ ಇಟ್ಟುಕೊಂಡು ನೋಡಿದರೆ ಇವತ್ತಿನ ಮಟ್ಟಿಗೆ ನಮ್ಮ ಮಳೆಯಾಶ್ರಿತ ಹೊಲಗಳಿಗೆ ಗೆಲ್ಲುವುದು ಸಾಮಾನ್ಯ ಸಂಕರಣದಿಂದ ಮತ್ತು ಮಾರ್ಕರ್ ಸಹಾಯದಿಂದ, ಅಂದರೆ ಡಿಎನ್ಎಯ ಗುರುತು ನೋಡಿ ಆರಿಸಿ, ಬಂದ ತಳಿಗಳೇ. ಜೀನ್ ಎಡಿಟಿಂಗ್ ಮೇಲೆ ಕಣ್ಣಿಡಬೇಕು. ಕುಲಾಂತರಿ ಬರನಿರೋಧಕ ಬೀಜ ನಮ್ಮಲ್ಲಿ ಕಾನೂನಿನ ಪ್ರಕಾರ ಇಲ್ಲವೇ ಇಲ್ಲ, ಇರುವ ದೇಶಗಳಲ್ಲೂ ಅದರ ಲಾಭ ಜನ ಅಂದುಕೊಂಡಷ್ಟು ದೊಡ್ಡದಲ್ಲ. ಯಾಕೆ ಅಂತ ಮುಂದೆ ನೋಡೋಣ.

ಬರ ಅಂದರೆ ಒಂದೇ ಅಲ್ಲ

ತುಮಕೂರು, ಕೋಲಾರದ ಕಡೆ ಕೆಂಪು ಮಣ್ಣಿನಲ್ಲಿ ರಾಗಿ ಬಿತ್ತಿದ ಮೇಲೆ ಮೊಳಕೆ ಬಂದು, ಆಮೇಲೆ ಮೂರು ವಾರ ಮಳೆಯೇ ಇಲ್ಲದೆ ಸಸಿ ಬಾಡುವುದು ಒಂದು ಬರ. ದಾವಣಗೆರೆ, ಹಾವೇರಿ ಕಡೆ ಮೆಕ್ಕೆಜೋಳ ಎದೆಮಟ್ಟ ಬಂದು ಹೂ ಬಿಡುವ ಹೊತ್ತಿಗೆ ಮಳೆ ನಿಲ್ಲುವುದು ಇನ್ನೊಂದು. ವಿಜಯಪುರ, ಕಲಬುರಗಿಯ ಎರೆ ಭೂಮಿಯಲ್ಲಿ ಹಿಂಗಾರಿ ಬಿಳಿಜೋಳ, ಕಡಲೆ ಬಿತ್ತಿದರೆ ಆಮೇಲೆ ಮಳೆ ಬರುವುದೇ ಅಪರೂಪ. ಬೆಳೆ ಪೂರ್ತಿ ಮಣ್ಣಿನಲ್ಲಿ ಕೂತ ತೇವದ ಮೇಲೆ ಬದುಕುತ್ತದೆ, ಕಾಳು ಕಟ್ಟುವ ಹೊತ್ತಿಗೆ ಆ ತೇವ ಮುಗಿದಿರುತ್ತದೆ. ಇದು ಮೂರನೇ ಬರ.

ಮೂರಕ್ಕೂ ಒಂದೇ ಮದ್ದು ಇಲ್ಲ. ಮೊದಲನೆಯದಕ್ಕೆ ಬಾಡಿ ಮತ್ತೆ ಚೇತರಿಸಿಕೊಳ್ಳುವ ಗಿಡ ಬೇಕು. ಎರಡನೆಯದರಲ್ಲಿ ತೊಂದರೆ ಬಹಳ ನಿಖರವಾದದ್ದು. ಮೆಕ್ಕೆಜೋಳದ ಗಂಡು ಹೂವು ತುದಿಯಲ್ಲಿ ಸಮಯಕ್ಕೆ ಸರಿಯಾಗಿ ಪರಾಗ ಉದುರಿಸುತ್ತದೆ, ಆದರೆ ನೀರಿಲ್ಲದಿದ್ದರೆ ತೆನೆಯ ರೇಷ್ಮೆ ಎಳೆ ಹೊರಬರುವುದು ತಡವಾಗುತ್ತದೆ. ಪರಾಗ ಮುಗಿದ ಮೇಲೆ ಎಳೆ ಬಂದರೆ ಏನು ಪ್ರಯೋಜನ, ತೆನೆಯಲ್ಲಿ ಕಾಳೇ ಕೂರುವುದಿಲ್ಲ. ಅದಕ್ಕೇ ಮೆಕ್ಕೆಜೋಳದ ತಳಿ ವಿಜ್ಞಾನಿಗಳು ಈ ಎರಡರ ನಡುವಿನ ಅಂತರ ಕಡಿಮೆ ಇರುವ ಗಿಡಗಳನ್ನೇ ದಶಕಗಳಿಂದ ಆರಿಸುತ್ತಾ ಬಂದಿದ್ದಾರೆ. ಮೂರನೆಯದಕ್ಕೆ ಒಂದೋ ಬೇಗ ಮುಗಿಯುವ ತಳಿ, ಇಲ್ಲಾ ಆಳಕ್ಕೆ ಬೇರು ಬಿಡುವ ತಳಿ.

ಗಿಡ ಬರವನ್ನು ಎದುರಿಸುವ ದಾರಿಗಳೂ ಬೇರೆ ಬೇರೆ. ತೇವ ಮುಗಿಯುವ ಮೊದಲೇ ಕಾಳು ಕಟ್ಟಿ ಮುಗಿಸುವುದು, ಅಂದರೆ ಬರದಿಂದ ತಪ್ಪಿಸಿಕೊಳ್ಳುವುದು. ಆಳಕ್ಕೆ ಬೇರಿಳಿಸಿ ನೀರು ಹುಡುಕುವುದು. ಎಲೆಯ ಮೇಲಿನ ಸಣ್ಣ ಸಣ್ಣ ರಂಧ್ರಗಳನ್ನು ಮುಚ್ಚಿ ಇರುವ ನೀರು ಉಳಿಸುವುದು. ಒಣಗಿದರೂ ಜೀವಕೋಶ ಹಾಳಾಗದಂತೆ ಒಳಗೆ ಕೆಲವು ರಾಸಾಯನಿಕ ತುಂಬಿಟ್ಟುಕೊಳ್ಳುವುದು. ಇವುಗಳಲ್ಲಿ ಯಾವುದೂ ಪುಕ್ಕಟೆ ಅಲ್ಲ. ಎಲೆಯ ರಂಧ್ರ ಮುಚ್ಚಿದರೆ ನೀರು ಉಳಿಯುತ್ತದೆ ನಿಜ, ಆದರೆ ಆಹಾರ ತಯಾರಿಸಲು ಬೇಕಾದ ಇಂಗಾಲದ ಡೈಆಕ್ಸೈಡ್ ಒಳಗೆ ಬರುವುದೂ ಅದೇ ರಂಧ್ರದಿಂದ. ಬೇಗ ಮುಗಿಯುವ ತಳಿಗೆ ಮಳೆ ಚೆನ್ನಾಗಿದ್ದರೂ ಬೆಳೆಯಲು ದಿನವೇ ಇರುವುದಿಲ್ಲ. ಬೇರಿಗೆ ಹೋದ ಶಕ್ತಿ ತೆನೆಗೆ ಹೋಗುವುದಿಲ್ಲ. "ಬರದಲ್ಲೂ ಭರ್ಜರಿ, ಮಳೆಯಲ್ಲೂ ಭರ್ಜರಿ" ಅಂತ ಚೀಲದ ಮೇಲೆ ಬರೆದಿದ್ದರೆ ಅನುಮಾನ ಪಡಿ.

ಹಳೆಯ ದಾರಿ: ಆರಿಸಿ, ಸಂಕರಿಸಿ, ಮತ್ತೆ ಆರಿಸಿ

ಹಿಂಗಾರಿ ಬಿಳಿಜೋಳ ಅಂದರೆ ಉತ್ತರ ಕರ್ನಾಟಕದಲ್ಲಿ ಇಂದಿಗೂ ಮಾಲದಂಡಿ, ಅಂದರೆ ಎಂ 35-1. ಮಹಾರಾಷ್ಟ್ರದ ಮೊಹೋಳದಲ್ಲಿ 1930ರ ದಶಕದಲ್ಲಿ ನಾಟಿ ಜೋಳದಿಂದಲೇ ಆರಿಸಿದ ತಳಿ ಇದು. ಇಷ್ಟು ವರ್ಷ ಅದನ್ನು ರೈತರು ಬಿಡದಿರುವುದಕ್ಕೆ ಕಾರಣ ಬರೀ ಕಾಳಲ್ಲ. ರೊಟ್ಟಿಯ ರುಚಿ, ದನಕ್ಕೆ ಕಣಕಿ, ತೇವ ಕಡಿಮೆಯಾದರೂ ಏನೋ ಒಂದಷ್ಟು ಕೈಗೆ ಸಿಗುತ್ತದೆ ಅನ್ನುವ ನಂಬಿಕೆ. ವಿಜಯಪುರದ ಸಂಶೋಧನಾ ಕೇಂದ್ರದಿಂದ ಬಂದ ಬಿಜೆವಿ-44 ತರಹದ ಹೊಸ ತಳಿಗಳನ್ನೂ ಇದೇ ಅಳತೆಗೋಲಿನಲ್ಲಿ ನೋಡಬೇಕು. ಕಾಳು ಹೆಚ್ಚು, ಮೇವು ಕಡಿಮೆ ಅಂತಾದರೆ ದನ ಇರುವ ಮನೆಗೆ ಅದು ಬರನಿರೋಧಕ ಅಲ್ಲ. ಬರದ ವರ್ಷ ಮೇವಿನ ದರ ಎಲ್ಲಿಗೆ ಹೋಗುತ್ತದೆ ಅಂತ ನಿಮಗೇ ಗೊತ್ತಲ್ವಾ.

ರಾಗಿಯಲ್ಲಂತೂ ನಮ್ಮವರ ಸಾಧನೆ ದೊಡ್ಡದು. ರಾಗಿಯ ಹೂವು ಎಷ್ಟು ಸಣ್ಣದು ಅಂದರೆ ಅದನ್ನು ಸಂಕರಿಸುವುದೇ ಕಷ್ಟದ ಕೆಲಸ. ಮಂಡ್ಯದ ವಿ.ಸಿ. ಫಾರ್ಮ್ ಸಂಶೋಧನಾ ಕೇಂದ್ರದಲ್ಲಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ಭಾರತದ ರಾಗಿಯನ್ನೂ ಆಫ್ರಿಕಾದ ರಾಗಿಯನ್ನೂ ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟರು. ಯಾವ ಜೀನ್ ಎಲ್ಲಿದೆ ಅಂತ ಆಗ ಯಾರಿಗೂ ಗೊತ್ತಿರಲಿಲ್ಲ, ಹೊಲದಲ್ಲಿ ಕಣ್ಣಿಟ್ಟು ನೋಡಿ ಆರಿಸಿದ್ದು ಅಷ್ಟೇ. ಆಮೇಲೆ ಬೆಂಕಿ ರೋಗ ತಡೆಯುವ ಜಿಪಿಯು-28 ಬಂತು, ಬರಕ್ಕೆ ಹೆಸರಾದ ಎಂಎಲ್-365 ಬಂತು. ಇಲ್ಲಿ ಆಯ್ಕೆಯ ಮುಖ್ಯ ಸೂತ್ರ ಬಿತ್ತನೆಯ ದಿನ. ಜುಲೈನಲ್ಲೇ ಹದ ಸಿಕ್ಕರೆ ಎಂಆರ್-6 ತರಹದ ದೀರ್ಘಾವಧಿ ತಳಿ, ತಡವಾದರೆ ಜಿಪಿಯು-28 ಅಥವಾ ಎಂಎಲ್-365, ಇನ್ನೂ ತಡವಾದರೆ ಜಿಪಿಯು-48. ಆಗಸ್ಟ್ ಕೊನೆಗೆ ದೀರ್ಘಾವಧಿ ರಾಗಿ ಬಿತ್ತಿ ಬರ ಬಂತು ಅಂದರೆ ಅದು ತಳಿಯ ತಪ್ಪಲ್ಲ, ಅವಧಿಯ ಆಯ್ಕೆಯದ್ದು.

ಕಡಲೆಯಲ್ಲಿ ಜೆಜಿ 11 ಇದೇ ಮಾತಿಗೆ ಸಾಕ್ಷಿ. ಹೈದರಾಬಾದ್ ಹತ್ತಿರದ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಮತ್ತು ಜಬಲ್ಪುರದ ಕೃಷಿ ವಿಶ್ವವಿದ್ಯಾಲಯ ಸೇರಿ ಕೊಟ್ಟ ತಳಿ, ನೂರು ದಿನದೊಳಗೆ ಕಟಾವಿಗೆ ಬರುತ್ತದೆ. ಚಳಿಗಾಲ ಚಿಕ್ಕದಾದ, ಬೇಗ ಒಣಗುವ ದಕ್ಷಿಣದ ಎರೆ ಭೂಮಿಗೆ ಕಡಲೆ ಹೊಂದುವುದಿಲ್ಲ ಅನ್ನುತ್ತಿದ್ದ ಕಾಲ ಒಂದಿತ್ತು. ಇಂಥ ಅಲ್ಪಾವಧಿ ತಳಿಗಳು ಬಂದ ಮೇಲೆ ಆಂಧ್ರದಲ್ಲಿ ಕಡಲೆಯ ಚಿತ್ರವೇ ಬದಲಾಯಿತು. ಪಾವಗಡ, ಚಳ್ಳಕೆರೆಗೆ ಅಂಟಿಕೊಂಡೇ ಇರುವ ಅನಂತಪುರದಲ್ಲಿ 1940ರಷ್ಟು ಹಳೆಯ ಟಿಎಂವಿ-2 ಶೇಂಗಾ ಜಾಗಕ್ಕೆ ಐಸಿಜಿವಿ 91114 ಬಂದದ್ದೂ ಹೀಗೆಯೇ.

ಈ ದಾರಿಯ ಕೊರತೆ ಒಂದೇ, ಅದೂ ದೊಡ್ಡದೇ. ನಿಧಾನ. ಒಂದು ತಳಿ ಬರಲು ಹತ್ತು ಹನ್ನೆರಡು ವರ್ಷ ಹಿಡಿಯುತ್ತದೆ. ಅಷ್ಟರಲ್ಲಿ ಮಳೆಯ ಲಯವೇ ಬದಲಾಗಿರುತ್ತದೆ.

ಮಾರ್ಕರ್ ಸಹಾಯ: ಅದೇ ಸಂಕರಣ, ಕಣ್ಣು ಮಾತ್ರ ಚುರುಕು

ಇದನ್ನು ಬಹಳ ಜನ ಕುಲಾಂತರಿ ಜೊತೆ ಸೇರಿಸಿ ಗೊಂದಲ ಮಾಡಿಕೊಳ್ಳುತ್ತಾರೆ. ಇದು ಕುಲಾಂತರಿ ಅಲ್ಲ. ಕಡಲೆಗೆ ಕಡಲೆಯನ್ನೇ, ಭತ್ತಕ್ಕೆ ಭತ್ತವನ್ನೇ ಸಂಕರಿಸುತ್ತಾರೆ. ಆದರೆ ಹುಟ್ಟಿದ ಸಾವಿರಾರು ಸಸಿಗಳಲ್ಲಿ ಬೇಕಾದ ಗುಣ ಯಾವುದಕ್ಕೆ ಬಂದಿದೆ ಅಂತ ತಿಳಿಯಲು ಬರ ಬರುವವರೆಗೆ ಕಾಯುವುದಿಲ್ಲ. ಎಲೆಯ ಒಂದು ಚೂರು ತೆಗೆದು ಡಿಎನ್ಎಯಲ್ಲಿ ಗುರುತು ನೋಡಿ ಸಸಿಯಲ್ಲೇ ಆರಿಸುತ್ತಾರೆ. ಕೆಲವು ವರ್ಷ ಉಳಿಯುತ್ತದೆ.

ಕಡಲೆಯ ಕಥೆ ಇಲ್ಲಿ ನಿಜಕ್ಕೂ ಚೆನ್ನಾಗಿದೆ. ಐಸಿಸಿ 4958 ಅನ್ನುವ ಒಂದು ಕಡಲೆ ಇದೆ, ಬೇರು ಜೋರು, ಬರ ತಡೆಯುತ್ತದೆ. ಅದರ ಡಿಎನ್ಎಯ ಒಂದು ಭಾಗದಲ್ಲಿ ಬೇರು ಮತ್ತು ಬರಕ್ಕೆ ಸಂಬಂಧಿಸಿದ ಹಲವು ಗುಣಗಳು ಒಟ್ಟಿಗೇ ಕೂತಿವೆ ಅಂತ ಇಕ್ರಿಸ್ಯಾಟ್ ವಿಜ್ಞಾನಿಗಳು ಪತ್ತೆಹಚ್ಚಿದರು. ಆ ಭಾಗವನ್ನು ಪೂಸಾ 372 ತಳಿಗೆ ತಂದು ಮಾಡಿದ್ದು ಪೂಸಾ ಚಿಕ್‌ಪೀ 10216, 2019ರಲ್ಲಿ ಬಿಡುಗಡೆಯಾಯಿತು. ಅದರ ಜೊತೆಗೇ ಬಿಡುಗಡೆಯಾದ ಇನ್ನೊಂದು ಸೂಪರ್ ಅಣ್ಣಿಗೇರಿ-1, ರಾಯಚೂರು ಕೃಷಿ ವಿಶ್ವವಿದ್ಯಾಲಯ ಮತ್ತು ಇಕ್ರಿಸ್ಯಾಟ್ ಸೇರಿ ಮಾಡಿದ್ದು. ನಮ್ಮ ಹಳೆಯ ಅಣ್ಣಿಗೇರಿ-1 ಕಡಲೆಗೆ ಸೊರಗು ರೋಗ ತಡೆಯುವ ಗುಣ ಸೇರಿಸಿದ್ದಾರೆ.

ಇಲ್ಲಿ ಒಂದು ವಿಷಯ ಗಮನಿಸಿ. ಬರಕ್ಕೆ ಅಂತ ಮಾಡಿದ 10216 ಶಿಫಾರಸಾಗಿರುವುದು ಮಧ್ಯ ಭಾರತದ ವಲಯಕ್ಕೆ. ಕಲಬುರಗಿಯ ರೈತರಿಗೆ ಹತ್ತಿರದ್ದು ಸೂಪರ್ ಅಣ್ಣಿಗೇರಿ, ಅದು ರೋಗಕ್ಕೆ ಅಂತ ಬಂದದ್ದು. ಹಾಗಾದರೆ ಬರಕ್ಕೆ ಅದು ಲೆಕ್ಕಕ್ಕಿಲ್ಲವಾ? ಖಂಡಿತ ಇದೆ. ಸೊರಗು ಹತ್ತಿದ ಗಿಡದೊಳಗೆ ನೀರು ಮೇಲೇರುವ ದಾರಿಯೇ ಕಟ್ಟಿಹೋಗುತ್ತದೆ. ತೇವ ಇದ್ದರೂ ಗಿಡ ಒಣಗುತ್ತದೆ. ಹೊಲದಲ್ಲಿ ಸೊರಗು ಇದ್ದವರಿಗೆ ರೋಗ ತಡೆಯುವ ತಳಿಯೇ ಮೊದಲ ಬರ ಪರಿಹಾರ. "ಬರನಿರೋಧಕ" ಅನ್ನುವ ಪದ ನೋಡಿ ಬೇರೆ ವಲಯದ ಬೀಜ ತರಿಸುವುದಕ್ಕಿಂತ ಇದು ಎಷ್ಟೋ ಮೇಲು.

ಭತ್ತದಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ, ಅಂದರೆ ಜಿಕೆವಿಕೆ, ಈ ಕೆಲಸ ಬಹಳ ಮುಂಚೆಯೇ ಮಾಡಿತ್ತು. ಡಾ. ಎಚ್.ಇ. ಶಶಿಧರ್ ಅವರ ತಂಡ ಕೊಟ್ಟ ಎಂಎಎಸ್ 946-1, ಶಾರದಾ ಅಂತ ಹೆಸರು, ಗದ್ದೆಯಲ್ಲಿ ನೀರು ನಿಲ್ಲಿಸದೆ ಒಣ ಭೂಮಿಯಲ್ಲಿ ನೇರ ಬಿತ್ತಿ ಬೆಳೆಯುವ ಏರೋಬಿಕ್ ಭತ್ತ. ಕೆರೆ ತುಂಬದ ವರ್ಷ ಭತ್ತವೇ ಬೇಕು ಅನ್ನುವವರಿಗೆ ಇದು ಒಳ್ಳೆಯ ದಾರಿ. ಆದರೆ ನಿಂತ ನೀರು ಕಳೆಯನ್ನು ಹಿಡಿದಿಡುತ್ತದೆ, ನೀರು ನಿಲ್ಲಿಸದಿದ್ದರೆ ಕಳೆ ಜಾಸ್ತಿ. ಆ ಕೂಲಿಯನ್ನೂ ಲೆಕ್ಕಕ್ಕೆ ಹಾಕಿಕೊಳ್ಳಿ. ಜಾರ್ಖಂಡ್, ಒಡಿಶಾ ಕಡೆ ಸಹಭಾಗಿ ಧಾನ್ ಹೆಸರು ಮಾಡಿದೆ. ಅದು ಮಾರ್ಕರ್ ಇಲ್ಲದೆ, ಬರದ ಹೊಲದಲ್ಲೇ ಇಳುವರಿ ನೋಡಿ ಆರಿಸಿದ್ದು.

ಕುಲಾಂತರಿ: ಹೊರಗಿನ ಜೀನ್ ಏನು ಕೊಟ್ಟಿತು?

ಕುಲಾಂತರಿ ಅಂದರೆ ಸಂಕರಣದಿಂದ ಬರಲು ಸಾಧ್ಯವಿಲ್ಲದ ಜೀನನ್ನು ಪ್ರಯೋಗಾಲಯದಲ್ಲಿ ಸೇರಿಸುವುದು. ಕೀಟಕ್ಕೆ ಇದು ಸುಲಭ, ಒಂದು ಜೀನ್ ಒಂದು ವಿಷಕಾರಿ ಪ್ರೋಟೀನ್ ಮಾಡುತ್ತದೆ, ಹುಳ ತಿಂದು ಸಾಯುತ್ತದೆ. ಬರ ಹಾಗಲ್ಲ. ಬೇರು, ಎಲೆ, ಹೂವು, ಅವಧಿ ಎಲ್ಲವೂ ಸೇರಿದ ಗುಣ ಅದು. ನೂರಾರು ಜೀನುಗಳ ಕೆಲಸ.

ವಿಜ್ಞಾನಿಗಳಿಗೆ ಇದು ಗೊತ್ತಿತ್ತು. ಅದಕ್ಕೇ ಒಂದೇ ಸಲ ಹಲವು ಜೀನುಗಳನ್ನು ಎಬ್ಬಿಸುವ ಮುಖ್ಯ ಜೀನುಗಳನ್ನು ಹುಡುಕಿದರು. ಜಪಾನಿನ ಶಿನೊಝಾಕಿ ದಂಪತಿ ಕಂಡುಹಿಡಿದ ಡಿಆರ್‌ಇಬಿ1ಎ ಅಂಥದ್ದು, ಬರ, ಉಪ್ಪು, ಹಿಮ ಮೂರಕ್ಕೂ ಗಿಡವನ್ನು ಸಿದ್ಧಗೊಳಿಸುತ್ತದೆ. ಆದರೆ ಅದನ್ನು ಸದಾ ಚಾಲೂ ಇಟ್ಟರೆ ಗಿಡ ಕುಬ್ಜವಾಗಿಬಿಟ್ಟಿತು. ಬಿಸಿಲಿರಲಿ ಮಳೆಯಿರಲಿ ವರ್ಷವಿಡೀ ಕಂಬಳಿ ಹೊದ್ದು ಹೊಲದ ಕೆಲಸ ಮಾಡಿದ ಹಾಗೆ. 1999ರಲ್ಲಿ ಅದೇ ತಂಡ, ಬರ ಅಥವಾ ಚಳಿ ತಗುಲಿದಾಗ ಮಾತ್ರ ಚಾಲೂ ಆಗುವ ಸ್ವಿಚ್ಚನ್ನು ಆ ಜೀನಿಗೆ ಜೋಡಿಸಿ ಕುಬ್ಜತನ ಬಹಳಷ್ಟು ತಪ್ಪಿಸಬಹುದು ಅಂತ ತೋರಿಸಿತು. ಇದೇ ಜೋಡಿಯನ್ನು ಇಕ್ರಿಸ್ಯಾಟ್ ಜೆಎಲ್ 24 ಶೇಂಗಾಗೆ ಹಾಕಿ ಪ್ರಯೋಗ ಮಾಡಿತು. ಒಳ್ಳೆಯ ವಿಜ್ಞಾನ, ಆದರೆ ರೈತರ ಕೈಗೆ ಬೀಜವಾಗಿ ಬರಲಿಲ್ಲ.

ರೈತರ ಕೈಗೆ ಮೊದಲು ಬಂದ ಕುಲಾಂತರಿ ಬರನಿರೋಧಕ ಬೆಳೆ ಅಮೆರಿಕದ ಮೆಕ್ಕೆಜೋಳ. ಮೊನ್ಸಾಂಟೊದ ಡ್ರಾಟ್‌ಗಾರ್ಡ್. ಬ್ಯಾಸಿಲಸ್ ಸಬ್ಟಿಲಿಸ್ ಅನ್ನುವ ಮಣ್ಣಿನ ಬ್ಯಾಕ್ಟೀರಿಯಾದಿಂದ ತೆಗೆದ ಸಿಎಸ್‌ಪಿಬಿ ಜೀನ್ ಅದರಲ್ಲಿದೆ. ಆ ಬ್ಯಾಕ್ಟೀರಿಯಾಗೆ ಅದು ಚಳಿ ತಡೆಯಲು ಇರುವ ಜೀನ್, ಮೆಕ್ಕೆಜೋಳದಲ್ಲಿ ಬರಕ್ಕೆ ಉಪಯೋಗಕ್ಕೆ ಬಂತು. ಚಳಿ ಮತ್ತು ಬರ ಜೀವಕೋಶದ ಮಟ್ಟದಲ್ಲಿ ಎಷ್ಟು ಹತ್ತಿರದವು ಅಂತ ಇದರಿಂದಲೇ ತಿಳಿಯುತ್ತದೆ. 2011ರ ಡಿಸೆಂಬರಿನಲ್ಲಿ ಅಮೆರಿಕದ ಕೃಷಿ ಇಲಾಖೆ ಒಪ್ಪಿಗೆ ಕೊಟ್ಟಿತು. ಆದರೆ ಅದೇ ಇಲಾಖೆಯ ಪರಿಶೀಲನೆಯಲ್ಲಿ ಇದರಷ್ಟೇ ಬರ ತಡೆಯುವ ಸಾಮಾನ್ಯ ಸಂಕರಣದ ತಳಿಗಳು ಈಗಾಗಲೇ ಇವೆ ಅನ್ನುವ ಮಾತೂ ಇತ್ತು. ಅದು ನಿಜವೂ ಆಯಿತು. 2016ರ ಹೊತ್ತಿಗೆ ಅಮೆರಿಕದ ಮೆಕ್ಕೆಜೋಳದ 22 ಶೇಕಡ ಜಾಗದಲ್ಲಿ ಬರನಿರೋಧಕ ತಳಿಗಳಿದ್ದವು. ಅದರಲ್ಲಿ ಬಹುಪಾಲು ಬರದ ಗುಣ ಸಂಕರಣದಿಂದಲೇ ಬಂದದ್ದು.

ಆಫ್ರಿಕಾದ ಅನುಭವ ಇನ್ನೂ ಸ್ಪಷ್ಟ. 2008ರಲ್ಲಿ ಶುರುವಾದ ವೇಮಾ ಯೋಜನೆಯಲ್ಲಿ ಸಣ್ಣ ರೈತರಿಗಾಗಿ ಇದೇ ಜೀನಿರುವ ಮೆಕ್ಕೆಜೋಳವನ್ನು ರಾಯಲ್ಟಿ ಇಲ್ಲದೆ ಕೊಡಬೇಕು ಅಂತ ಗುರಿ. ಅದೇ ಯೋಜನೆಯಲ್ಲಿ ಸಾಮಾನ್ಯ ಸಂಕರಣದ ಹೈಬ್ರಿಡ್‌ಗಳ ಕೆಲಸವೂ ನಡೆದಿತ್ತು. 2013ರಲ್ಲಿ ಕೀನ್ಯಾದಲ್ಲಿ ಮೊದಲು ಹೊರಬಂದದ್ದು ಈ ಎರಡನೆಯದು, ಡ್ರಾಟ್‌ಟೀಗೊ ಹೆಸರಿನಲ್ಲಿ. ಕುಲಾಂತರಿಗೆ ದೇಶದಿಂದ ದೇಶಕ್ಕೆ ಬೇರೆ ಬೇರೆ ಗತಿಯಾಯಿತು. ನೈಜೀರಿಯಾ 2024ರಲ್ಲಿ ಬೆಳೆಯಲು ಒಪ್ಪಿತು. ದಕ್ಷಿಣ ಆಫ್ರಿಕಾದಲ್ಲಿ ಅದೇ ವರ್ಷ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಅನುಮತಿಯನ್ನೇ ರದ್ದು ಮಾಡಿತು.

ಇನ್ನೊಂದು ದೊಡ್ಡ ಹೆಸರು ಅರ್ಜೆಂಟಿನಾದ ಎಚ್‌ಬಿ4 ಗೋಧಿ. ಸಾಂತಾ ಫೆ ನಗರದ ವಿಜ್ಞಾನಿ ರಾಕೆಲ್ ಚಾನ್ ತಂಡ ಸೂರ್ಯಕಾಂತಿಯಿಂದ ತೆಗೆದ ಜೀನ್. ನೀರು ಕಡಿಮೆಯಾದಾಗ ಎಲೆಗೆ "ಇನ್ನು ಹಣ್ಣಾಗಿ ಉದುರು" ಅಂತ ಹೋಗುವ ಸಂದೇಶವನ್ನು ಅದು ಮಂಕು ಮಾಡುತ್ತದೆ, ಎಲೆ ಇನ್ನಷ್ಟು ದಿನ ಹಸಿರಾಗಿದ್ದು ಕಾಳು ತುಂಬಿಸುತ್ತದೆ. ಬಯೋಸೆರೆಸ್ ಕಂಪನಿ ಇದನ್ನು ಬೆಳೆಸಿತು. ಅರ್ಜೆಂಟಿನಾ 2020ರಲ್ಲೇ ಒಪ್ಪಿದರೂ ಒಂದು ಷರತ್ತು ಹಾಕಿತು, ತನ್ನ ಗೋಧಿಯ ದೊಡ್ಡ ಗಿರಾಕಿ ಬ್ರೆಜಿಲ್ ಮೊದಲು ಹೂಂ ಅನ್ನಬೇಕು. ಬ್ರೆಜಿಲ್ 2021ರಲ್ಲಿ ಹಿಟ್ಟಿಗೆ ಒಪ್ಪಿತು, 2022ರಲ್ಲಿ ಅರ್ಜೆಂಟಿನಾದಲ್ಲಿ ಪೂರ್ತಿ ಅನುಮತಿ ಸಿಕ್ಕಿತು, 2024ರಲ್ಲಿ ಅಮೆರಿಕವೂ ಬೆಳೆಯಲು ಬಿಟ್ಟಿತು. ಕೊಳ್ಳುವವರು ಬೇಡ ಅಂದರೆ ಬೆಳೆದು ಏನು ಮಾಡುವುದು ಅನ್ನುವ ಲೆಕ್ಕವನ್ನು ಒಂದು ದೇಶವೇ ಹಾಕಿತು, ಒಬ್ಬ ರೈತ ಹಾಕುವುದರಲ್ಲಿ ತಪ್ಪೇನಿದೆ?

ಎಚ್‌ಬಿ4 ಬಗ್ಗೆ ನಮ್ಮಲ್ಲಿ ಯಾರೂ ಹೇಳದ ಇನ್ನೊಂದು ಸಂಗತಿ ಇದೆ. ಅದರ ಜೊತೆಗೆ ಗ್ಲುಫೋಸಿನೇಟ್ ಅನ್ನುವ ಕಳೆನಾಶಕ ತಡೆಯುವ ಜೀನೂ ಬರುತ್ತದೆ. ಬರಕ್ಕೆ ಅಂತ ಬೀಜ ತಂದರೆ ಕಳೆನಾಶಕದ ಬೇಸಾಯವೂ ಮನೆಗೆ ಬಂದಂತೆ. ನಮ್ಮಲ್ಲಿ ರಾಗಿ, ಜೋಳದ ಹೊಲದಲ್ಲಿ ಅಕ್ಕಡಿ ಸಾಲು ಹಾಕಿ ಅವರೆ, ತೊಗರಿ, ಹುಚ್ಚೆಳ್ಳು ಬೆಳೆಯುತ್ತಾರೆ. ಮುಖ್ಯ ಬೆಳೆ ಹೋದರೂ ಅಕ್ಕಡಿ ಬೆಳೆ ಕೈ ಹಿಡಿಯುತ್ತದೆ, ನಿಜವಾದ ಬರ ವಿಮೆ ಅದೇ. ಕಳೆನಾಶಕ ಹೊಡೆದರೆ ಅವೂ ಹೋಗುತ್ತವೆ. ಯಾರಾದರೂ ಕುಲಾಂತರಿ ಬರನಿರೋಧಕ ತಳಿ ನಮ್ಮಲ್ಲಿಗೆ ತರುವ ಮಾತಾಡಿದರೆ ನಾನು ಮೊದಲು ಕೇಳುವ ಪ್ರಶ್ನೆ ಇದು: ಬರದ ಜೀನಿನ ಜೊತೆಗೆ ಇನ್ನೇನು ಬರುತ್ತಿದೆ?

ಇಂಡೊನೇಷ್ಯಾದಲ್ಲಿ ಬರ ತಡೆಯುವ ಕುಲಾಂತರಿ ಕಬ್ಬಿಗೂ 2013ರಲ್ಲಿ ಒಪ್ಪಿಗೆ ಸಿಕ್ಕಿದೆ. ಮಂಡ್ಯ, ಬೆಳಗಾವಿಯವರಿಗೆ ಕುತೂಹಲ ಇರಬಹುದು, ಆದರೆ ಇಲ್ಲಿ ಸಿಗುವುದಿಲ್ಲ.

ಭಾರತದ ಕಾನೂನು ಸ್ಥಿತಿ ಇದು. ವಾಣಿಜ್ಯ ಬೇಸಾಯಕ್ಕೆ ಬಂದಿರುವ ಕುಲಾಂತರಿ ಬೆಳೆ 2002ರಿಂದ ಬಿಟಿ ಹತ್ತಿ ಒಂದೇ. ಬಿಟಿ ಬದನೆ 2010ರಲ್ಲಿ ತಡೆಯಾಯಿತು. ಕುಲಾಂತರಿ ಸಾಸಿವೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು 2024ರ ಜುಲೈನಲ್ಲಿ ಭಿನ್ನ ತೀರ್ಪು ಕೊಟ್ಟರು. ಬರನಿರೋಧಕ ಕುಲಾಂತರಿ ಯಾವುದಕ್ಕೂ ಅನುಮತಿ ಇಲ್ಲ. ಯಾರಾದರೂ "ಫಾರಿನ್ ಬೀಜ, ಜೀನ್ ಹಾಕಿದ್ದು, ಬರಕ್ಕೆ ಬೆಸ್ಟು" ಅಂತ ಚೀಟಿ ಇಲ್ಲದ ಚೀಲ ಕೊಟ್ಟರೆ ತೆಗೆದುಕೊಳ್ಳಬೇಡಿ. ಬೆಳೆ ಹೋದರೆ ಕೇಳುವವರೇ ಇರುವುದಿಲ್ಲ, ಜೊತೆಗೆ ಕಾನೂನಿನ ತಲೆನೋವು ಬೇರೆ.

ಜೀನ್ ಎಡಿಟಿಂಗ್: ಇಲ್ಲಿ ಕಣ್ಣಿಡಿ

ಇದರಲ್ಲಿ ಹೊರಗಿನ ಜೀನ್ ಉಳಿಯಬೇಕಾಗಿಲ್ಲ. ಗಿಡದ ಸ್ವಂತ ಜೀನಿನಲ್ಲೇ ಒಂದೆರಡು ಅಕ್ಷರ ತೆಗೆದು ಅಥವಾ ಬದಲಿಸಿ ಅದನ್ನು ಮೌನ ಮಾಡುತ್ತಾರೆ ಅಥವಾ ಅದರ ಕೆಲಸ ಹೆಚ್ಚು ಕಡಿಮೆ ಮಾಡುತ್ತಾರೆ. 2022ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಇಂಥ, ಹೊರಗಿನ ಜೀನ್ ಇಲ್ಲದ ಎಡಿಟಿಂಗ್‌ಗೆ ಕುಲಾಂತರಿಯ ಕಠಿಣ ನಿಯಮಗಳಿಂದ ವಿನಾಯಿತಿ ಕೊಟ್ಟಿತು. ಅದಕ್ಕೇ ಈ ದಾರಿಯಲ್ಲಿ ಬೀಜ ಬೇಗ ಬರುವ ಸಾಧ್ಯತೆ ಇದೆ.

2025ರ ಮೇ 4ರಂದು ಎರಡು ಭತ್ತದ ತಳಿ ಘೋಷಣೆಯಾದವು. ಒಂದು ಪೂಸಾ ಡಿಎಸ್‌ಟಿ ರೈಸ್ 1, ನಮ್ಮಲ್ಲೂ ಬೆಳೆಯುವ ಎಂಟಿಯು 1010ರಿಂದ ಮಾಡಿದ್ದು. ಡಿಎಸ್‌ಟಿ ಅನ್ನುವ ಜೀನ್ ಗಿಡಕ್ಕೆ ಬ್ರೇಕ್ ಇದ್ದ ಹಾಗೆ, ಅದನ್ನು ತೆಗೆದರೆ ಎಲೆಯಲ್ಲಿ ರಂಧ್ರಗಳ ಸಂಖ್ಯೆ ಕಡಿಮೆಯಾಗಿ ಬರ, ಉಪ್ಪು ಎರಡನ್ನೂ ಹೆಚ್ಚು ತಡೆಯುತ್ತದೆ. ಆದರೆ ಘೋಷಣೆಯಲ್ಲಿ ಕೊಟ್ಟ ಅಂಕಿಗಳನ್ನು ಸರಿಯಾಗಿ ಓದಿ. ಹೆಚ್ಚುವರಿ ಇಳುವರಿ 9.66ರಿಂದ 30.4 ಶೇಕಡ ಅಂದದ್ದು ಚೌಳು, ಕ್ಷಾರ ಮತ್ತು ಕರಾವಳಿಯ ಉಪ್ಪು ಮಣ್ಣಿನಲ್ಲಿ. ಬರದ ಅಂಕಿ ಅಲ್ಲ ಅದು. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಸವಳು ಹತ್ತಿದ ಗದ್ದೆ ಇರುವವರು ಇದನ್ನು ಕಾಯಬಹುದು. ಮಳೆ ನಂಬಿ ಭತ್ತ ಬೆಳೆಯುವವರು ಬರದ ಪ್ರಯೋಗದ ಅಂಕಿ ನೋಡದೆ ನಂಬಬಾರದು.

ಎರಡನೆಯದು ಡಿಆರ್‌ಆರ್ ಧಾನ್ 100, ಕಮಲಾ. ಗಂಗಾವತಿ, ಸಿಂಧನೂರಿನವರಿಗೆ ಚಿರಪರಿಚಿತವಾದ ಬಿಪಿಟಿ 5204ರಿಂದಲೇ ಮಾಡಿದ್ದು. ಇದನ್ನು ಯಾರೂ ಬರನಿರೋಧಕ ಅಂತ ಮಾರುತ್ತಿಲ್ಲ, ಇಳುವರಿ 19 ಶೇಕಡ ಜಾಸ್ತಿ ಅಂತ ಹೇಳುತ್ತಿದ್ದಾರೆ. ನನಗೆ ಮುಖ್ಯ ಅನ್ನಿಸಿದ್ದು ಬೇರೆ, ಸುಮಾರು 20 ದಿನ ಮುಂಚೆ ಕಟಾವಿಗೆ ಬರುತ್ತದೆ ಅನ್ನುವುದು. ಕಾಲುವೆಯ ಕೊನೆ ಭಾಗದ ರೈತರಿಗೆ ನೀರು ನಿಲ್ಲುವುದು ಯಾವಾಗ? ಕಾಳು ಕಟ್ಟುವ ಕೊನೆಯ ದಿನಗಳಲ್ಲಿ. 20 ದಿನ ಉಳಿದರೆ ಅವರಿಗೆ ಅದೇ ದೊಡ್ಡ ಬರ ಪರಿಹಾರ.

ಈ ಅಂಕಿಗಳ ಬಗ್ಗೆ ತಕರಾರು ಇದೆ. ಸರ್ಕಾರದ್ದೇ ಪ್ರಯೋಗ ವರದಿಗಳನ್ನು ಇಟ್ಟುಕೊಂಡು, ಹೇಳಿದಷ್ಟು ಲಾಭ ಅದರಲ್ಲಿ ಕಾಣುವುದಿಲ್ಲ ಅಂತ ಕುಲಾಂತರಿ ವಿರೋಧಿ ಒಕ್ಕೂಟ ಪ್ರಶ್ನೆ ಎತ್ತಿತು, ಭಾರತೀಯ ಕೃಷಿ ಸಂಶೋಧನಾ ಪರಿಷತ್ತು ಅದನ್ನು ತಳ್ಳಿಹಾಕಿತು. ಎಡಿಟಿಂಗ್ ತಂತ್ರದ ಪೇಟೆಂಟ್ ವಿದೇಶಿ ಸಂಸ್ಥೆಗಳ ಕೈಯಲ್ಲಿದೆ ಅನ್ನುವುದೂ ಚಿಂತೆಯ ವಿಷಯ. ನನ್ನ ನಿಲುವು ಇಷ್ಟೇ. ಸಾರ್ವಜನಿಕ ದುಡ್ಡಿನಲ್ಲಿ ಮಾಡಿದ ತಳಿ, ಪ್ರತಿ ಕೇಂದ್ರದ, ಪ್ರತಿ ವರ್ಷದ ಅಂಕಿ ರೈತರಿಗೆ ಕಾಣುವಂತೆ ಬಿಚ್ಚಿಡಲಿ. ಸೋತ ಕೇಂದ್ರದ್ದೂ ಸೇರಿ.

ತಂತ್ರವಾಗಿ ಇದರಲ್ಲಿ ಭರವಸೆ ಇದೆ ಅನ್ನುವುದಕ್ಕೆ 2017ರ ಒಂದು ಉದಾಹರಣೆ. ಅಮೆರಿಕದಲ್ಲಿ ಮೆಕ್ಕೆಜೋಳದ ಆರ್ಗೋಸ್8 ಅನ್ನುವ ಸ್ವಂತ ಜೀನನ್ನು ಎಡಿಟ್ ಮಾಡಿ ಹೊಲದಲ್ಲಿ ನೋಡಿದರು. ಹೂ ಬಿಡುವಾಗ ಬರ ಬಿದ್ದಲ್ಲಿ ಎಕರೆಗೆ 5 ಬುಶೆಲ್ ಹೆಚ್ಚು ಬಂತು, ಅಂದರೆ ಸುಮಾರು 1.27 ಕ್ವಿಂಟಾಲ್. ನೀರು ಸಾಕಷ್ಟಿದ್ದಲ್ಲಿ ಇಳುವರಿ ಕಡಿಮೆಯಾಗಲಿಲ್ಲ. ದೊಡ್ಡ ಜಿಗಿತವಲ್ಲ, ಆದರೆ ಪ್ರಾಮಾಣಿಕ ಅಂಕಿ. ಬರದ ತಳಿಯಿಂದ ನಿರೀಕ್ಷಿಸಬಹುದಾದ ಲಾಭದ ಅಳತೆ ಹೆಚ್ಚುಕಡಿಮೆ ಇದು.

ಚಳಿಯ ವಿಷಯ

ಬರದ ಜೀನುಗಳ ಮಾತು ಬಂದಾಗಲೆಲ್ಲ ಚಳಿಯೂ ಬಂತು, ಅದನ್ನೂ ನೋಡಿಬಿಡೋಣ. ಚಳಿಗೆ ಎರಡು ಮುಖ. ನೀರು ಹೆಪ್ಪುಗಟ್ಟುವ ಹಿಮ ಒಂದು. ಹೆಪ್ಪುಗಟ್ಟದಿದ್ದರೂ ಬೆಳೆ ನಡುಗುವ 10-15 ಡಿಗ್ರಿಯ ಚಳಿ ಇನ್ನೊಂದು. ಮೊದಲನೆಯದರ ಮೇಲೆ ಅಮೆರಿಕದಲ್ಲಿ ಬಹಳ ಕೆಲಸ ಆಗಿದೆ. ವಿಜ್ಞಾನಿ ಮೈಕೆಲ್ ಥಾಮಶೋ ತಂಡ ಪತ್ತೆಹಚ್ಚಿದ, ಹಿಮ ತಡೆಯಲು ನೆರವಾಗುವ ಸಿಬಿಎಫ್ ಜೀನುಗಳನ್ನು ನೀಲಗಿರಿ ಮರಕ್ಕೆ ಹಾಕಿ ನೋಡಿದ್ದಾರೆ. 1987ರಲ್ಲಿ ಕ್ಯಾಲಿಫೋರ್ನಿಯಾದ ಸ್ಟ್ರಾಬೆರಿ ತೋಟದಲ್ಲಿ, ಎಲೆಯ ಮೇಲೆ ಹಿಮ ಕಟ್ಟದಂತೆ ಮಾರ್ಪಡಿಸಿದ ಬ್ಯಾಕ್ಟೀರಿಯಾವನ್ನೇ ಸಿಂಪಡಿಸಿದ್ದರು. ಮೀನಿನ ಜೀನ್ ಹಾಕಿದ ಟೊಮ್ಯಾಟೊ ಅಂತ ವಾಟ್ಸಾಪ್‌ನಲ್ಲಿ ಓಡಾಡುತ್ತದಲ್ಲ, ಅದು 1991ರ ಸುಮಾರಿಗೆ ನಡೆದ ಒಂದು ಪ್ರಯೋಗ. ಮಾರುಕಟ್ಟೆಗೆ ಬರಲೇ ಇಲ್ಲ. ನೀವು ತಿಂದಿಲ್ಲ, ಯಾರೂ ತಿಂದಿಲ್ಲ.

ಕರ್ನಾಟಕಕ್ಕೆ ಹಿಮದ ಜೀನ್ ಬೇಡ. ನಮಗೆ ಬೇಕಾದ್ದು ಎರಡನೆಯದು. ಡಿಸೆಂಬರಿನಲ್ಲಿ ಬೇಸಿಗೆ ಭತ್ತಕ್ಕೆ ಸಸಿ ಮಡಿ ಹಾಕಿದಾಗ ಸಸಿ ಹಳದಿಯಾಗಿ ನಿಂತುಬಿಡುವುದು, ತಡವಾಗಿ ಬಿತ್ತಿದ ಹಿಂಗಾರಿ ಜೋಳ ತೀರಾ ಚಳಿಯ ರಾತ್ರಿಗಳಲ್ಲಿ ಹೂವಾಡಿ ಕಾಳು ಕಚ್ಚದಿರುವುದು, ಇಂಥವು. ಚೀನಾದ ವಿಜ್ಞಾನಿಗಳು 2015ರಲ್ಲಿ ಕೋಲ್ಡ್1 ಅನ್ನುವ ಭತ್ತದ ಜೀನ್ ಪತ್ತೆಹಚ್ಚಿದರು, ಅದರಲ್ಲಿ ಒಂದೇ ಅಕ್ಷರದ ವ್ಯತ್ಯಾಸ ತಂಪು ಪ್ರದೇಶಗಳಲ್ಲಿ ಬೆಳೆಯುವ ಜಪೋನಿಕಾ ಭತ್ತಕ್ಕೆ ಚಳಿ ತಡೆಯುವ ಶಕ್ತಿ ಕೊಡುತ್ತದೆ. ಇದನ್ನು ಮಾರ್ಕರ್‌ನಿಂದಲೂ ತರಬಹುದು, ಎಡಿಟಿಂಗ್‌ನಿಂದಲೂ ಆಗಬಹುದು, ಹೊರಗಿನ ಜೀನ್ ಬೇಕಾಗಿಲ್ಲ. ಅಲ್ಲಿಯವರೆಗೆ ರಾತ್ರಿ ಮಡಿಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಬೆಳಗ್ಗೆ ತೆಗೆಯುವುದು, ತಣ್ಣಗಾದ ನೀರನ್ನು ಬೆಳಗ್ಗೆ ಬಸಿದು ಹೊಸ ನೀರು ಕೊಡುವುದು. ಜೋಳಕ್ಕೆ ಬಿತ್ತನೆ ತಡ ಮಾಡದಿರುವುದೇ ಮದ್ದು.

ಲೆಕ್ಕ ಹಾಕುವುದು ಹೇಗೆ

ಎರಡು ತಳಿ ಇವೆ ಅಂದುಕೊಳ್ಳಿ. ಲೆಕ್ಕಕ್ಕೆ ಅಂತ ಇಟ್ಟ ಅಂಕಿಗಳು ಇವು. ಒಂದನೆಯದು ಒಳ್ಳೆಯ ಮಳೆಯಲ್ಲಿ ಎಕರೆಗೆ 8 ಕ್ವಿಂಟಾಲ್, ಬರದಲ್ಲಿ 2. ಎರಡನೆಯದು ಒಳ್ಳೆಯ ಮಳೆಯಲ್ಲಿ 7, ಬರದಲ್ಲಿ 4. ಹತ್ತು ವರ್ಷದಲ್ಲಿ ಎರಡು ಬರ ಬಂದರೆ ಒಂದನೆಯದು 68 ಕ್ವಿಂಟಾಲ್ ಕೊಡುತ್ತದೆ, ಎರಡನೆಯದು 64. ಮೂರು ಬರ ಬಂದರೆ 62 ಮತ್ತು 61, ಹೆಚ್ಚುಕಡಿಮೆ ಸಮ. ನಾಲ್ಕು ಬಂದರೆ 56 ಮತ್ತು 58, ಎರಡನೆಯದು ಮೇಲು. ನಿಮ್ಮ ಊರಿನ ಕಳೆದ ಹತ್ತು ವರ್ಷ ನೆನಪು ಮಾಡಿಕೊಂಡರೆ ಉತ್ತರ ಸಿಗುತ್ತದೆ.

ಆದರೆ ನನ್ನ ಪ್ರಕಾರ ಬರೀ ಒಟ್ಟು ಕ್ವಿಂಟಾಲ್ ನೋಡಿದರೆ ಸಾಲದು. ಬರದ ವರ್ಷ 2 ಕ್ವಿಂಟಾಲ್ ಬಂದರೆ ಬಡ್ಡಿಗೆ ಸಾಲ ತರಬೇಕು, ದನ ಮಾರಬೇಕು. ಆ ನಷ್ಟವನ್ನು ಮಳೆ ವರ್ಷದ ಒಂದು ಹೆಚ್ಚುವರಿ ಕ್ವಿಂಟಾಲ್ ತುಂಬಿಕೊಡುವುದಿಲ್ಲ. ಮೂರು ಬರದ ಊರಿನಲ್ಲೂ, ಕೊಳವೆಬಾವಿ ಇಲ್ಲದ, ಬೇರೆ ಆದಾಯ ಇಲ್ಲದ ಮನೆಗೆ ನಾನು ಎರಡನೆಯದನ್ನೇ ಹೇಳುತ್ತೇನೆ. ಒಂದೆರಡು ಸಲ ನೀರು ಹಾಯಿಸುವ ಅನುಕೂಲ ಇದ್ದವರು ಒಂದನೆಯದನ್ನು ಹಾಕಲಿ.

ಹೈಬ್ರಿಡ್ ಆದರೆ ಪ್ರತಿ ವರ್ಷ ಬೀಜ ಕೊಳ್ಳಬೇಕು. ರಾಗಿ, ಕಡಲೆ, ಶೇಂಗಾ, ಎಂ 35-1 ತರಹದ ತಳಿಗಳಲ್ಲಿ ಬೀಜ ನೀವೇ ಇಟ್ಟುಕೊಳ್ಳಬಹುದು, ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ 2001ರ ಕಾಯ್ದೆ ಆ ಹಕ್ಕನ್ನು ರೈತರಿಗೆ ಕೊಟ್ಟಿದೆ. ಎರಡು ಸಲ ಬಿತ್ತಬೇಕಾಗಿ ಬರುವ ವರ್ಷ ಈ ವ್ಯತ್ಯಾಸ ಬಹಳ ದೊಡ್ಡದು.

ಕೃಷಿ ಮೇಳಕ್ಕೋ ಕೃಷಿ ವಿಜ್ಞಾನ ಕೇಂದ್ರಕ್ಕೋ ಹೋದಾಗ "ಇದು ಬರ ತಡೆಯುತ್ತದಾ" ಅಂತ ಸುಮ್ನೆ ಕೇಳಬೇಡಿ, ತಡೆಯುತ್ತದೆ ಅಂತಲೇ ಉತ್ತರ ಬರುತ್ತದೆ. ಯಾವ ಹಂತದ ಬರದಲ್ಲಿ ಪರೀಕ್ಷೆ ಮಾಡಿದ್ದೀರಿ, ಹೋಲಿಸಿದ್ದು ಯಾವ ತಳಿಗೆ, ಮಳೆ ಚೆನ್ನಾಗಿದ್ದ ವರ್ಷ ಎಷ್ಟು ಬಂತು, ನಮ್ಮ ಜಿಲ್ಲೆಯಲ್ಲಿ ನೋಡಿದ್ದೀರಾ, ಮೇವು ಎಷ್ಟು ಅಂತ ಕೇಳಿ. ಹೋಲಿಕೆಗೆ ಇಟ್ಟ ತಳಿ ಬಹಳ ಮುಖ್ಯ, ರೋಗಕ್ಕೆ ಬಿದ್ದ ಹಳೆಯ ತಳಿಯ ಪಕ್ಕದಲ್ಲಿ ಯಾವುದನ್ನಿಟ್ಟರೂ ಚೆನ್ನಾಗಿಯೇ ಕಾಣುತ್ತದೆ.

ಹೊಸ ತಳಿ ಏನೇ ಇರಲಿ, ಮೊದಲ ವರ್ಷ ಅರ್ಧ ಎಕರೆ ಸಾಕು, ನಿಮ್ಮ ಹಳೆಯ ತಳಿಯ ಪಕ್ಕದಲ್ಲೇ, ಒಂದೇ ದಿನ ಬಿತ್ತಿ, ಒಂದೇ ಗೊಬ್ಬರ ಕೊಟ್ಟು. ಕಾಳನ್ನೂ ಮೇವನ್ನೂ ಬೇರೆ ಬೇರೆ ತೂಗಿ ಬರೆದಿಡಿ. ಬೀಜದ ಬಿಲ್ಲು, ಚೀಲಕ್ಕೆ ಹೊಲಿದ ಚೀಟಿ ಮತ್ತು ಒಂದು ಹಿಡಿ ಬೀಜವನ್ನು ಕಟಾವು ಮುಗಿಯುವವರೆಗೂ ಜೋಪಾನ ಮಾಡಿ, ಮೊಳಕೆ ಬರದಿದ್ದರೆ ಅಥವಾ ಬೇರೆಯೇ ತಳಿ ಬಂದರೆ ಕೃಷಿ ಇಲಾಖೆಗೆ ದೂರು ಕೊಡಲು ಅವೇ ಬೇಕಾಗುತ್ತವೆ.